ಅಮ್ಮನ ಫೋನು, ಮಗಳ ಕೈ

ಮನೆಗೆ ಇಂಟರ್‌ನೆಟ್ ಬಂದ ಹೊಸದರಲ್ಲಿ ಮಕ್ಕಳನ್ನು ಕಾಯಲು ಬಲ್ಲವರು ಹೇಳುತ್ತಿದ್ದ ಉಪಾಯ ಸರಳ: ಕಂಪ್ಯೂಟರ್ ಹಾಲ್‌ನಲ್ಲಿರಲಿ, ಸ್ಕ್ರೀನ್ ಬಾಗಿಲಿಗೆ ಮುಖ ಮಾಡಿರಲಿ. ಮೋಡೆಮ್ ಕಿರುಗುಟ್ಟಿದರೆ ಅಡುಗೆಮನೆಗೂ ಕೇಳುತ್ತಿತ್ತು.

ಅಮೆರಿಕದಲ್ಲಿ 1990ರ ದಶಕದ ನಡುವಿಗೇ ಕೆಟ್ಟ ಪುಟಗಳನ್ನು ಸೋಸಿ ತಡೆಯುವ ಸರ್ಫ್‌ವಾಚ್, ನೆಟ್ ನ್ಯಾನಿಯಂಥ ತಂತ್ರಾಂಶಗಳು ಬಂದಿದ್ದವು. ಆ ಕಾಲದ ಜರಡಿಗಳಿಗೆ ಕೆಟ್ಟ ಪದ ಗೊತ್ತು, ಅದರ ಅರ್ಥ ಗೊತ್ತಿಲ್ಲ. ಸ್ತನ ಕ್ಯಾನ್ಸರ್ ಕುರಿತ ಪುಟಗಳೂ ಸಿಕ್ಕಿಬೀಳುತ್ತಿದ್ದವು. ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರಿಗೆ 1996ರಲ್ಲಿ ತಮ್ಮೂರ ಹೆಸರು ಬರೆದು ಇಂಟರ್‌ನೆಟ್ ಕಂಪನಿ ಎಒಎಲ್‌ನಲ್ಲಿ ಖಾತೆ ತೆರೆಯಲಾಗಲಿಲ್ಲ; ಹೆಸರಿನ ನಡುವೆ ಒಂದು ಬೈಗುಳ ಅಡಗಿತ್ತಂತೆ! ಅಮೆರಿಕದ 1998ರ ಕೊಪ್ಪಾ ಕಾಯ್ದೆ 13 ವರ್ಷದೊಳಗಿನವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕೆಂದಿತು. ಖಾತೆ ತೆರೆಯುವಾಗ ಇಂದಿಗೂ ಎದುರಾಗುವ '13' ಅಲ್ಲಿಯದು. ಹುಟ್ಟಿದ ವರ್ಷವನ್ನು ನಾಲ್ಕು ಮನೆ ಹಿಂದಕ್ಕೆ ಸರಿಸಿದರೆ ಆ ಗೋಡೆ ದಾಟಿದಂತೆಯೇ.

ನನ್ನ ಮಟ್ಟಿಗೆ ಈ ಚರಿತ್ರೆಯ ನಿಜವಾದ ತಿರುವು 2010ರದು. ಲಂಡನ್ನಿನ ಸಂಶೋಧಕಿ ಸೋನಿಯಾ ಲಿವಿಂಗ್‌ಸ್ಟನ್ ಮುಂದಾಳತ್ವದ ಇಯು ಕಿಡ್ಸ್ ಆನ್‌ಲೈನ್ ತಂಡ ಯುರೋಪಿನ 25 ದೇಶಗಳಲ್ಲಿ 9ರಿಂದ 16 ವರ್ಷದ 25,000ಕ್ಕೂ ಹೆಚ್ಚು ಮಕ್ಕಳನ್ನೂ ಅವರ ಪೋಷಕರನ್ನೂ ಮನೆಯಲ್ಲೇ ಮಾತನಾಡಿಸಿತು. ಆನ್‌ಲೈನ್‌ನಲ್ಲಿ ನೋವಿನ ಮಾತು ಕೇಳಿಸಿಕೊಂಡ ಮಕ್ಕಳ ಪೋಷಕರಲ್ಲಿ ಶೇ. 56ರಷ್ಟು ಮಂದಿ 'ನಮ್ಮ ಮಗುವಿಗೆ ಹಾಗೇನೂ ಆಗಿಲ್ಲ' ಎಂದಿದ್ದರು. ಬೀಗ ಎಷ್ಟು ಗಟ್ಟಿ ಎಂಬ ಪ್ರಶ್ನೆ ಅಲ್ಲಿಂದ ಹಿಂದೆ ಸರಿಯಿತು. ಮಗು ಬಂದು ಹೇಳಿಕೊಳ್ಳುತ್ತದೆಯೇ ಎಂಬುದು ಮುಂದೆ ಬಂತು.

ನಮ್ಮಲ್ಲಿ ಕಾನೂನು ಬೇಗ ಬಂತು, ಮನೆ ತಡವಾಗಿ ಎಚ್ಚೆತ್ತಿತು. ಮಕ್ಕಳ ಲೈಂಗಿಕ ಚಿತ್ರಗಳ ವಿರುದ್ಧ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ 2009ರಲ್ಲಿ ಜಾರಿಯಾಯಿತು, 2012ರಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಬಂತು. ಫೋನು ಬಿಡಲಾಗದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ 'ಶಟ್' ಕ್ಲಿನಿಕ್ ತೆರೆಯಿತು. ಮಕ್ಕಳನ್ನು ಆತ್ಮಹತ್ಯೆಗೆ ದೂಡುತ್ತದೆಂಬ 'ಬ್ಲೂ ವೇಲ್' ಆಟದ ಗಾಬರಿಯ 2017ರಲ್ಲೇ, ಮಗುವಿನ ಫೋನಿನ ಮೇಲೆ ಪೋಷಕರು ಕಣ್ಣಿಡಬಹುದಾದ ಗೂಗಲ್‌ನ ಫ್ಯಾಮಿಲಿ ಲಿಂಕ್ ಕೂಡ ಅಮೆರಿಕದಲ್ಲಿ ಬಂತು. ಆದರೆ 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿ ಪಾಠ ಆನ್‌ಲೈನ್‌ಗೆ ಬಂದಾಗ, ಅಲ್ಲಿಯವರೆಗೆ ಫೋನು ಮುಟ್ಟಬೇಡ ಎನ್ನುತ್ತಿದ್ದ ಅಪ್ಪಂದಿರೇ ತಮ್ಮ ಫೋನನ್ನು ಮಗುವಿನ ಕೈಗಿಟ್ಟರು.

ಫ್ಯಾಮಿಲಿ ಲಿಂಕ್‌ನಂಥ ಸಲಕರಣೆಗಳ ಲೆಕ್ಕ ಒಂದು ಮಗುವಿಗೆ ಒಂದು ಫೋನು. ನಮ್ಮ ಎಷ್ಟೋ ಮನೆಗಳಲ್ಲಿ ಒಂದು ಫೋನಿಗೆ ನಾಲ್ವರು. ಅಜ್ಜಿ ಪ್ರವಚನ ನೋಡಿ ಮುಗಿಸುವುದರೊಳಗೆ ಯೂಟ್ಯೂಬ್ ಮೊಮ್ಮಗನ ಆಟದ ವಿಡಿಯೊ ತಂದಿಡುತ್ತದೆ. ಮೊಮ್ಮಗ ಆಟ ನೋಡುವಾಗ ಚಿಕ್ಕಪ್ಪ ರಾತ್ರಿ ನೋಡಿದ್ದು ಇಣುಕುತ್ತದೆ.

ಈಚಿನ ಹೆಜ್ಜೆ ಹೊಣೆಯನ್ನು ಕಂಪನಿಗಳ ಮೇಲೆ ಹೊರಿಸುವುದು. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆಯನ್ನೇ ನಿಷೇಧಿಸಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 18ರೊಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು, ಪರಿಶೀಲಿಸಬಹುದಾದಂಥ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ ಆ ಕಾಯ್ದೆ. ಅದಕ್ಕೆ 2025ರ ನಿಯಮಗಳು ಡಿಜಿಲಾಕರ್‌ನಂಥ ದಾರಿಯನ್ನೂ ತೋರಿಸಿವೆ.

ಕಾಗದದ ಮೇಲೆ ಚೆನ್ನಾಗಿದೆ. ಆದರೆ ಮನೆಯೊಳಗೆ ನೋಡಿ: ಸಿಲಿಂಡರ್‌ನವನು ಬಾಗಿಲಲ್ಲಿ ನಿಂತಿದ್ದಾನೆ, ಅಮ್ಮನ ಕೈ ತುಂಬ ರೊಟ್ಟಿ ಹಿಟ್ಟು. "ಪುಟ್ಟಿ, ಒಟಿಪಿ ಬಂದಿದೆ ನೋಡಿ ಹೇಳೇ" ಎಂದು ಒಳಗಿಂದಲೇ ಕೂಗುತ್ತಾಳೆ. ಅಮ್ಮನ ಫೋನಿಗೆ ಪಾಸ್‌ವರ್ಡ್ ಇಟ್ಟವಳೂ ಪುಟ್ಟಿಯೇ.