ಕಾರಿನ ಬಣ್ಣದ ಗೀರು ಮತ್ತು ಚಕ್ಕೆ

ಕಾರಿನ ಮೈಮೇಲೆ ಜಲ್ಲಿ ಸಿಡಿದು ಏಳುವ ಬಣ್ಣದ ಚಕ್ಕೆ, ಪೊದೆ ತರಚಿ ಮೂಡುವ ತೆಳು ಗೀರುಗಳ ದುರಸ್ತಿ. ತಗಡಿನ ಮೇಲೆ ಪ್ರೈಮರ್, ಬಣ್ಣ, ಪಾರದರ್ಶಕ ಕ್ಲಿಯರ್ ಕೋಟ್ ಎಂಬ ಪದರಗಳಿರುತ್ತವೆ. ಎಲ್ಲ ಸೇರಿದರೂ ದಪ್ಪ ಸುಮಾರು 0.1 ಮಿ.ಮೀ. ಮಾತ್ರ.

ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಿರಿದಾದ ಮಣ್ಣುರಸ್ತೆಗಳಲ್ಲಿ ಎದುರಿನ ಬಸ್ಸಿಗೆ ದಾರಿ ಬಿಟ್ಟರೆ ಲಂಟಾನ, ಬಿದಿರಿನ ಮುಳ್ಳು ಬಾಗಿಲನ್ನು ಗೀರುವುದು ಮಾಮೂಲು. ಉಗುರು ಆಡಿಸಿದಾಗ ಸಿಕ್ಕಿಕೊಳ್ಳದ ಗೀರು ಸಾಮಾನ್ಯವಾಗಿ ಕ್ಲಿಯರ್ ಕೋಟಿನದು; ತೊಳೆದು, ರಬ್ಬಿಂಗ್ ಕಾಂಪೌಂಡ್ ಹಚ್ಚಿ ಮೆತ್ತನೆ ಬಟ್ಟೆಯಿಂದ ತಿಕ್ಕಿ, ಪಾಲಿಶ್ ಮಾಡಿದರೆ ಸಾಕು. ಅತಿಯಾಗಿ ತಿಕ್ಕಿದರೆ ಕ್ಲಿಯರ್ ಕೋಟೇ ಸವೆದುಹೋಗುತ್ತದೆ. ಕೆಂಪು ಧೂಳು ಒರೆಸದೆ ತಿಕ್ಕುವುದಂತೂ ಹೊಸ ಗೀರುಗಳಿಗೆ ಆಹ್ವಾನ.

ತಗಡು ಕಾಣುವ ಚಕ್ಕೆಯನ್ನು ಮುಂದೂಡಬಾರದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ. ಮೀರುತ್ತದೆ, ಇಂಥ ತೇವದಲ್ಲಿ ತುಕ್ಕು ಬಣ್ಣದಡಿಯಲ್ಲೇ ಹರಡಿ ಗುಳ್ಳೆ ಏಳುತ್ತದೆ. ತುಕ್ಕನ್ನು ಉಪ್ಪುಕಾಗದದಿಂದ ಪೂರ್ತಿ ಕೆರೆದು, ಸ್ಪಿರಿಟ್ಟಿನಿಂದ ಒರೆಸಿ, ಪ್ರೈಮರಿನ ಹನಿಯಿಟ್ಟು ಒಣಗಿಸಬೇಕು. ಆಮೇಲೆ ಟಚಪ್ ಬಣ್ಣವನ್ನು ಬೆಂಕಿಕಡ್ಡಿಯ ತುದಿಯಿಂದ ತೆಳುವಾಗಿ, ಒಂದು ಪದರ ಆರಿದ ಮೇಲೆ ಇನ್ನೊಂದರಂತೆ ತುಂಬಿ, ಕೊನೆಗೆ ಕ್ಲಿಯರ್ ಕೋಟ್ ಕೊಡಲಾಗುತ್ತದೆ. ಹೊಂದುವ ಟಚಪ್ ಬಣ್ಣ ಆರಿಸಲು ಬೇಕಾದ ಬಣ್ಣದ ಸಂಕೇತ ಸಾಮಾನ್ಯವಾಗಿ ಬಾಗಿಲ ಚೌಕಟ್ಟಿನ ಇಲ್ಲವೆ ಬಾನೆಟ್ಟಿನಡಿಯ ಪಟ್ಟಿಯಲ್ಲಿರುತ್ತದೆ. ಹಳೆಯ ಕಾರಿನ ಬಣ್ಣ ಬಿಸಿಲಿಗೆ ಮಾಸಿರುವುದರಿಂದ ಸಂಕೇತ ಹೊಂದಿದರೂ ತೇಪೆ ತುಸು ಕಾಣುತ್ತದೆ.

ಮಳೆಗಾಲದಲ್ಲಿ ಬಣ್ಣದಡಿ ತೇವ ಉಳಿಯುವುದರಿಂದ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ದಿನಗಳು ಈ ಕೆಲಸಕ್ಕೆ ಅನುಕೂಲ. ಮುಂಜಾನೆಯ ಇಬ್ಬನಿ ಆರಿದ ಮೇಲೆ, ನೆರಳಿನಲ್ಲಿ.