ಲಿನಕ್ಸ್ ಸರ್ವರ್ ಪದೇ ಪದೇ ಕುಸಿಯುತ್ತಿದೆಯೇ? ಹೊಸ ರ‍್ಯಾಮ್ ಹಾಕಿಸುವ ಮುನ್ನ ಇದನ್ನು ಓದಿ

ವೆಬ್‌ಸೈಟ್ ತೆರೆಯುತ್ತಿಲ್ಲ, ಡೇಟಾಬೇಸ್ ಸಂಪರ್ಕ ಸಿಗುತ್ತಿಲ್ಲ, ಲಾಗಿನ್ ಆಗಲು ಹೋದರೆ ಪರದೆ ಅಲ್ಲಾಡುವುದೇ ಇಲ್ಲ. ರೀಸ್ಟಾರ್ಟ್ ಮಾಡಿದರೆ ಎಲ್ಲವೂ ಸರಿ. ಎರಡು ದಿನ ಕಳೆದರೆ ಮತ್ತೆ ಅದೇ ಕಥೆ. ಇಂಥ ಕುಸಿತದ ಹಿಂದೆ ಬಹಳ ಸಲ ಇರುವುದು ಮೆಮೊರಿ ಖಾಲಿಯಾಗುವ ಸಮಸ್ಯೆ.

ಐರೋಲಿ, ರಬಾಳೆ, ಮಹಾಪೆ, ತುರ್ಭೆ ಎಂದು ಥಾಣೆ-ಬೇಲಾಪುರ ರಸ್ತೆಯುದ್ದಕ್ಕೂ ಇಂದು ಐಟಿ ಪಾರ್ಕ್‌ಗಳು, ಡೇಟಾ ಸೆಂಟರ್‌ಗಳು. ಸ್ಟೇಟ್ ಬ್ಯಾಂಕಿನ ಗ್ಲೋಬಲ್ ಐಟಿ ಸೆಂಟರ್ ಇರುವುದು ಬೇಲಾಪುರದಲ್ಲಿ. ಯೋಟಾ ಕಂಪನಿಯ ಬೃಹತ್ ಡೇಟಾ ಸೆಂಟರ್ 2020ರಲ್ಲಿ ಪನ್ವೇಲ್‌ನಲ್ಲಿ ಶುರುವಾಯಿತು. ಡೊಂಬಿವಲಿ, ಕಲ್ಯಾಣ್, ಥಾಣೆಯಲ್ಲಿ ಮನೆ ಮಾಡಿಕೊಂಡು ಇಲ್ಲಿಗೆ ಪಾಳಿ ಕೆಲಸಕ್ಕೆ ಹೋಗುವ ಕನ್ನಡಿಗರೂ ಇದ್ದಾರೆ. 2020ರ ಅಕ್ಟೋಬರ್ 12ರಂದು ಮುಂಬಯಿ, ಥಾಣೆ, ನವಿ ಮುಂಬಯಿಯಲ್ಲಿ ಒಮ್ಮೆಲೇ ಕರೆಂಟ್ ಹೋಗಿ ಲೋಕಲ್ ರೈಲುಗಳೇ ನಿಂತವು. ಕರೆಂಟ್ ಹೋಗುವುದಕ್ಕೆ ಡೇಟಾ ಸೆಂಟರ್‌ನಲ್ಲಿ ಜನರೇಟರ್ ಇರುತ್ತದೆ. ಆದರೆ ನಿಮ್ಮ ಸರ್ವರ್‌ನ ಒಳಗೆ ಮೆಮೊರಿ ಮುಗಿದರೆ ಯಾವ ಜನರೇಟರೂ ಕೆಲಸಕ್ಕೆ ಬರುವುದಿಲ್ಲ. ಫೋನ್ ಮಾಡಿದರೆ 'ಮಷೀನ್ ಆನ್ ಇದೆ' ಎನ್ನುತ್ತಾರೆ. ಅದು ನಿಜವೂ ಹೌದು.

ದೊಡ್ಡ ಕಂಪನಿಗಳಲ್ಲಿ ಇದನ್ನು ನೋಡಿಕೊಳ್ಳಲು ತಂಡವೇ ಇರುತ್ತದೆ. ಪೆಟ್ಟು ಬೀಳುವುದು ತಿಂಗಳ ಬಾಡಿಗೆಗೆ 2 ಜಿಬಿ, 4 ಜಿಬಿ ಸರ್ವರ್ ಹಿಡಿದ ಹೋಟೆಲ್, ಟ್ರಾವೆಲ್ ಏಜೆನ್ಸಿ, ಸಂಘ-ಸಂಸ್ಥೆಗಳಿಗೆ. ಕಾರಣ ಹುಡುಕದೆ ದೊಡ್ಡ ಪ್ಲಾನ್‌ಗೆ ಹೋದರೆ ಬಾಡಿಗೆ ಹೆಚ್ಚುತ್ತದೆ, ಎರಡು ದಿನಕ್ಕೊಮ್ಮೆ ಬೀಳುತ್ತಿದ್ದದ್ದು ನಾಲ್ಕು ದಿನಕ್ಕೊಮ್ಮೆ ಬೀಳುತ್ತದೆ, ಅಷ್ಟೆ.

ಮೆಮೊರಿ ಮುಗಿದಾಗ ಒಳಗೆ ಏನಾಗುತ್ತದೆ?

ಬೆಳಗಿನ ಹೊತ್ತು ಡೊಂಬಿವಲಿ ಸ್ಟೇಷನ್‌ನಲ್ಲಿ ನಿಂತವರಿಗೆ ಇದನ್ನು ವಿವರಿಸುವುದು ಸುಲಭ. ರೈಲ್ವೆಯವರು ಸೀಟು ಎಣಿಸಿ ಪಾಸ್ ಕೊಡುವುದಿಲ್ಲ. ಪಾಸ್ ಇದ್ದವರೆಲ್ಲ ಒಂದೇ ಗಾಡಿ ಹತ್ತಲಾರರು ಎಂಬ ಲೆಕ್ಕ. ಲಿನಕ್ಸ್ ಕರ್ನಲ್ ಕೂಡ ಪ್ರೋಗ್ರಾಂಗಳು ಕೇಳಿದಷ್ಟು ಮೆಮೊರಿಗೆ ಸಾಮಾನ್ಯವಾಗಿ 'ಹೂಂ' ಎನ್ನುತ್ತದೆ, ಇರುವುದಕ್ಕಿಂತ ಹೆಚ್ಚೇ ಹಂಚುತ್ತದೆ. ಎಲ್ಲರೂ ಒಟ್ಟಿಗೆ ಬಂದು ನಿಂತಾಗ ಮಾತ್ರ ಫಜೀತಿ. ಆಗ 'ಓಓಎಂ ಕಿಲ್ಲರ್' ಎಂಬ ವ್ಯವಸ್ಥೆ ಎದ್ದು, ಹೆಚ್ಚು ಮೆಮೊರಿ ಹಿಡಿದಿರುವ ಪ್ರಾಸೆಸ್ ಆರಿಸಿ ಕೊಲ್ಲುತ್ತದೆ.

ಇಲ್ಲೇ ಅನೇಕರು ದಾರಿ ತಪ್ಪುವುದು. ಸತ್ತದ್ದು ಮೈಎಸ್‌ಕ್ಯುಎಲ್ ಎಂದು ಕಂಡ ಕೂಡಲೇ ಅದರ ಸೆಟ್ಟಿಂಗ್ ತಿದ್ದಲು ಕೂರುತ್ತಾರೆ. ಡೇಟಾಬೇಸ್ ದೊಡ್ಡದು, ಹಾಗಾಗಿ ಬಲಿಯಾಯಿತು. ಅದರ ಸುತ್ತ ನೂರಾರು ಸಣ್ಣ ಪಿಎಚ್‌ಪಿ ಪ್ರಾಸೆಸ್‌ಗಳು ಸೇರಿ ಜಾಗ ತಿಂದಿರಬಹುದು. ಸತ್ತವನೇ ಅಪರಾಧಿ ಎಂದುಕೊಳ್ಳಬೇಡಿ.

ಪುರಾವೆ ಇರುವುದು ಕರ್ನಲ್ ಲಾಗ್‌ನಲ್ಲಿ. ರೀಸ್ಟಾರ್ಟ್ ಆದ ಮೇಲೆ ಹಿಂದಿನ ಬೂಟ್‌ನ ಲಾಗ್ ನೋಡಲು 'ಜರ್ನಲ್‌ಸಿಟಿಎಲ್ -ಕೆ -ಬಿ -1' ಕೊಡಿ. ಕೆಲವು ಸಿಸ್ಟಂಗಳಲ್ಲಿ ಜರ್ನಲ್ ರ‍್ಯಾಮ್‌ನಲ್ಲೇ ಇರುತ್ತದೆ, ರೀಸ್ಟಾರ್ಟ್ ಮಾಡಿದರೆ ಅಳಿಸಿಹೋಗುತ್ತದೆ. ಅದನ್ನು ಡಿಸ್ಕ್‌ನಲ್ಲಿ ಉಳಿಸುವ ಸೆಟ್ಟಿಂಗ್ ಇಂದೇ ಮಾಡಿಡಿ. 'ಔಟ್ ಆಫ್ ಮೆಮೊರಿ', 'ಕಿಲ್ಡ್ ಪ್ರಾಸೆಸ್' ಎಂಬ ಪದಗಳು ಸಿಕ್ಕರೆ ಅನುಮಾನ ಖಚಿತ. ಸಿಗದಿದ್ದರೆ ಡಿಸ್ಕ್ ತುಂಬಿದೆಯೇ, ಹಾರ್ಡ್‌ವೇರ್ ಕೈಕೊಟ್ಟಿದೆಯೇ ಎಂದೂ ನೋಡಬೇಕು. ಸ್ವಾಪ್‌ನಲ್ಲಿ ಸಿಕ್ಕಿಕೊಂಡ ಸರ್ವರ್ ಒಂದು ಸಾಲೂ ಬರೆಯದೆ ಹೆಪ್ಪುಗಟ್ಟುವುದೂ ಉಂಟು.

ಆ ಸಾಲಿನ ಮೇಲ್ಗಡೆ, ಆ ಕ್ಷಣದಲ್ಲಿ ಓಡುತ್ತಿದ್ದ ಪ್ರಾಸೆಸ್‌ಗಳ ಒಂದು ಪಟ್ಟಿಯನ್ನೂ ಕರ್ನಲ್ ಸಾಮಾನ್ಯವಾಗಿ ಬರೆದಿಟ್ಟಿರುತ್ತದೆ. ಬಹಳ ಜನ ಇದನ್ನು ಓದುವುದೇ ಇಲ್ಲ, ಆದರೆ ಅಪರಾಧದ ಜಾಗದ ಫೋಟೋ ಅದೇ. ಅಲ್ಲಿನ 'ಆರ್‌ಎಸ್‌ಎಸ್' ಅಂಕಣದ ಲೆಕ್ಕ ಪೇಜ್‌ಗಳಲ್ಲಿ ಇರುತ್ತದೆ. ಮಾಮೂಲಿ ಇಂಟೆಲ್, ಎಎಂಡಿ ಸರ್ವರ್‌ಗಳಲ್ಲಿ ಒಂದು ಪೇಜ್ ಎಂದರೆ 4 ಕೆಬಿ. 50,000 ಎಂದಿದ್ದರೆ ಸುಮಾರು 195 ಎಂಬಿ ಎಂದರ್ಥ. ಒಂದೇ ಹೆಸರಿನ ಪ್ರಾಸೆಸ್‌ಗಳನ್ನು ಒಟ್ಟು ಮಾಡಿ ಕೂಡಿಸಿ ನೋಡಿ, ಹೆಚ್ಚಿನ ಸಲ ಉತ್ತರ ಅಲ್ಲೇ ಸಿಗುತ್ತದೆ. ಹಂಚಿಕೊಂಡ ಮೆಮೊರಿ ಎರಡೆರಡು ಸಲ ಎಣಿಕೆಗೆ ಬರುವುದರಿಂದ ಮೊತ್ತ ತುಸು ಹೆಚ್ಚು ಕಾಣಬಹುದು.

'ಫ್ರೀ' ಕಡಿಮೆ ಇದ್ದರೆ ಗಾಬರಿ ಬೇಡ

ಸರ್ವರ್ ಓಡುತ್ತಿರುವಾಗ 'ಫ್ರೀ' ಕಮಾಂಡ್ ಕೊಟ್ಟರೆ ಅದೇ ಹೆಸರಿನ ಅಂಕಣ ಸೊನ್ನೆಯ ಹತ್ತಿರ ಕಾಣಬಹುದು. ಅದು ರೋಗವಲ್ಲ. ಬಿಡುವಿರುವ ರ‍್ಯಾಮ್‌ನಲ್ಲಿ ಲಿನಕ್ಸ್ ಡಿಸ್ಕ್‌ನ ಫೈಲ್‌ಗಳನ್ನು ಇಟ್ಟುಕೊಂಡಿರುತ್ತದೆ, ಬೇಕೆಂದಾಗ ಬಿಟ್ಟುಕೊಡುತ್ತದೆ. ನೋಡಬೇಕಾದದ್ದು 'ಅವೈಲಬಲ್' ಅಂಕಣ. 2014ರ ಕರ್ನಲ್ 3.14ರಿಂದ ಈ ಅಂದಾಜನ್ನು ಕರ್ನಲ್ ತಾನೇ ಕೊಡುತ್ತಿದೆ. ಗಂಟೆಗೊಮ್ಮೆ ಈ ಕ್ಯಾಶ್ ಖಾಲಿ ಮಾಡುವ ಸ್ಕ್ರಿಪ್ಟ್‌ಗಳನ್ನು ಕೆಲವರು ಹಾಕಿಡುತ್ತಾರೆ. ಅದರಿಂದ ಸರ್ವರ್ ನಿಧಾನವಾಗುವುದು ಬಿಟ್ಟರೆ ಬೇರೇನೂ ಪ್ರಯೋಜನವಿಲ್ಲ.

'ಟಾಪ್' ತೆರೆದು ಶಿಫ್ಟ್ ಮತ್ತು ಎಂ ಒತ್ತಿದರೆ ಮೆಮೊರಿ ಬಳಕೆಯ ಕ್ರಮದಲ್ಲಿ ಪಟ್ಟಿ ಬರುತ್ತದೆ. ಅದರಲ್ಲಿ 'ವರ್ಟ್' ಎಂಬುದು ಪಾಸ್, 'ರೆಸ್' ಎಂಬುದು ಕೂತ ಸೀಟು. ರೆಸ್ ನೋಡಿ. ಇನ್ನು ಸ್ವಾಪ್ ತುಸು ತುಂಬಿದ್ದರೆ ಚಿಂತೆಯಿಲ್ಲ. 'ವಿಎಂಸ್ಟಾಟ್'ನಲ್ಲಿ 'ಎಸ್‌ಐ', 'ಎಸ್‌ಒ' ಅಂಕಣಗಳು ಸತತವಾಗಿ ಓಡುತ್ತಿದ್ದರೆ ಮಾತ್ರ ಉಸಿರುಗಟ್ಟುತ್ತಿದೆ ಎಂದರ್ಥ.

ಒಂದು ಸಲ ನೋಡಿದರೆ ಸಾಲದು. ಐದು ನಿಮಿಷಕ್ಕೊಮ್ಮೆ 'ಪಿಎಸ್' ಪಟ್ಟಿಯನ್ನು ಫೈಲ್‌ಗೆ ಬರೆಯುವಂತೆ ಕ್ರಾನ್ ಹಾಕಿ, ಅಥವಾ 'ಸಿಸ್‌ಸ್ಟಾಟ್' ಪ್ಯಾಕೇಜ್ ಹಾಕಿಕೊಳ್ಳಿ. ಒಂದೇ ಪ್ರಾಸೆಸ್ ದಿನಗಟ್ಟಲೆ ಇಳಿಯದೆ ಏರುತ್ತಿದ್ದರೆ ಅದು ಸೋರಿಕೆ, ಪ್ರೋಗ್ರಾಂ ಬರೆದವರೇ ಸರಿಪಡಿಸಬೇಕು. ಅಲ್ಲಿಯವರೆಗೆ ದಿನಕ್ಕೊಮ್ಮೆ ಆ ಒಂದು ಸೇವೆಯನ್ನಷ್ಟೇ ರೀಸ್ಟಾರ್ಟ್ ಮಾಡಬಹುದು. ಪ್ರತಿ ರಾತ್ರಿ ಒಂದೇ ಹೊತ್ತಿಗೆ ಏರಿದರೆ ಬ್ಯಾಕಪ್ ಕೆಲಸವನ್ನು ಅನುಮಾನಿಸಿ. ಪ್ರಾಸೆಸ್‌ಗಳ ಗಾತ್ರ ಹಾಗೇ ಇದ್ದು ಸಂಖ್ಯೆ ಏರಿದರೆ ಮಿತಿ ಹಾಕಿಲ್ಲ ಎಂದೇ ಲೆಕ್ಕ. ಸಣ್ಣ ಸರ್ವರ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ.

ಲೆಕ್ಕ ಹಾಕಿ ನೋಡಿ. 4 ಜಿಬಿ ಸರ್ವರ್, ಡೇಟಾಬೇಸ್‌ಗೆ 1 ಜಿಬಿ, ಸಿಸ್ಟಂಗೆ ಅರ್ಧ ಜಿಬಿ ಹೋದರೆ ಉಳಿಯುವುದು ಎರಡೂವರೆ. ಒಂದು ಅಪಾಚೆ ಪ್ರಾಸೆಸ್ 80 ಎಂಬಿ ತಿಂದರೆ 30ಕ್ಕಿಂತ ಹೆಚ್ಚು ಹಿಡಿಸುವುದು ಕಷ್ಟ. ಆದರೆ ಪ್ರಿಫೋರ್ಕ್ ವಿಧಾನದಲ್ಲಿ ಅಪಾಚೆಯ ಮೂಲ ಮಿತಿ 256. ಅಂದರೆ 20 ಜಿಬಿ! ಹಬ್ಬದ ಬುಕ್ಕಿಂಗ್ ತೆರೆದ ದಿನ ಜನ ಮುಗಿಬಿದ್ದರೆ ಸರ್ವರ್ ಮಲಗದೆ ಇನ್ನೇನು ಮಾಡೀತು? ಮಿತಿಯನ್ನು 30ಕ್ಕೆ ಇಳಿಸಿದರೆ ಕೆಲವರು ಕೆಲವು ಸೆಕೆಂಡ್ ಕಾಯಬೇಕಾಗುತ್ತದೆ, ಆದರೆ ಸೈಟ್ ನಿಂತಿರುತ್ತದೆ.

ಡಾಕರ್ ಬಳಸುವವರು ಇನ್ನೊಂದನ್ನು ಗಮನಿಸಬೇಕು. ಕಂಟೇನರ್ 137 ಸಂಖ್ಯೆಯೊಂದಿಗೆ ನಿಂತಿದ್ದರೆ ಯಾರೋ ಅದನ್ನು ಬಲವಂತವಾಗಿ ಕೊಂದಿದ್ದಾರೆ ಎಂದರ್ಥ. ಸರ್ವರ್‌ನಲ್ಲಿ ಜಾಗ ಇದ್ದರೂ ಕಂಟೇನರ್‌ಗೆ ಕೊಟ್ಟ ಮಿತಿ ಮೀರಿದರೆ ಹೀಗಾಗುತ್ತದೆ. 'ಡಾಕರ್ ಇನ್‌ಸ್ಪೆಕ್ಟ್'ನಲ್ಲಿ 'ಓಓಎಂ ಕಿಲ್ಡ್' ಮುಂದೆ 'ಟ್ರೂ' ಎಂದಿದೆಯೇ ನೋಡಿ.

ರಾತ್ರಿ ಸುಮಾರು ಒಂದರ ನಂತರ ಮುಂಜಾನೆಯವರೆಗೆ ಲೋಕಲ್ ರೈಲು ಇಲ್ಲ. ಕಲ್ಯಾಣ್‌ನಿಂದ ಮಹಾಪೆಗೆ ಓಡಿ ಬಂದು ಮಷೀನ್ ಮುಟ್ಟುವ ಮಾತೇ ಇಲ್ಲ. ಸರ್ವರ್ ಬಾಡಿಗೆಗೆ ಹಿಡಿಯುವಾಗಲೇ ರಿಮೋಟ್ ಕನ್ಸೋಲ್ ಇದೆಯೇ ಎಂದು ಕೇಳಿ, ಅದರ ಪಾಸ್‌ವರ್ಡ್ ಕೆಲಸ ಮಾಡುತ್ತದೆಯೇ ಎಂದು ಹಗಲಲ್ಲೇ ಒಮ್ಮೆ ಪರೀಕ್ಷಿಸಿಡಿ.