ಲೋಕಲ್ ರೈಲಿನ ಕಬ್ಬಿಣದ ಪುಡಿ, ಕಾರಿನ ಕ್ಲೇ, ಶಾಂಪೂ ನೀರು

1925ರ ಫೆಬ್ರವರಿ 3ರಂದು ಬೋರಿಬಂದರ್‌ನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡ್ತು. ಹೊಗೆ ಹೋಯ್ತು, ಗಾಲಿ, ಹಳಿ, ಬ್ರೇಕ್ ಸವೆದು ಏಳೋ ಕಬ್ಬಿಣದ ಪುಡಿ ಉಳೀತು. ಹಳಿ ಪಕ್ಕದ ಸೊಸೈಟಿಯಲ್ಲಿ ಕಾರು ನಿಲ್ಲಿಸೋರು ತೊಳೆದ ಬಾನೆಟ್ ಮೇಲೆ ಕೈಯಾಡಿಸಿ ನೋಡಿ, ತರಿತರಿ!

ಇದನ್ನು ಕೀಳೋ ಕ್ಲೇ ಬಾರ್ ಜಪಾನಿನದು. ತಡಾವೊ ಕೊಡಾಟೆಗೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1990ರ ದಶಕದಲ್ಲಿ. ಹೆಸರಿಗೆ ಜೇಡಿಮಣ್ಣು, ಒಳಗೆ ನಯವಾದ ಉಜ್ಜುಪುಡಿ. ಒಣಗಿದ್ದಾಗ ಉಜ್ಜಿದ್ರೆ ಪೇಂಟ್ ಮೇಲೆ ಗೀರು ಗ್ಯಾರಂಟಿ. ಜಾರಿಕೆ ಬೇಕು, ಬರೀ ನೀರು ಸಾಲದು.

ದುಬಾರಿ ಸ್ಪ್ರೇ ಬೇಕಾ? ನನ್ನ ಪ್ರಕಾರ ಮುಂಬಯಿಯಲ್ಲಿ ಕಾರ್ ಶಾಂಪೂ ಕಲಸಿದ ನೀರೇ ಸಾಕು. 1892ರಿಂದ ಬರ್ತಿರೋ ತಾನ್ಸಾದಂಥ ಕೆರೆಗಳ ನೀರು ಮೃದು, ನೊರೆ ನಿಲ್ಲುತ್ತೆ. ಬೆಂಗಳೂರಿನ ಬೋರ್‌ವೆಲ್ ಗಡಸು ನೀರಿಗಾದ್ರೆ ಕ್ವಿಕ್ ಡೀಟೇಲರ್ ಕೊಳ್ಳಿ. ಕ್ಲೇ ಕೈಜಾರಿ ನೆಲಕ್ಕೆ ಬಿತ್ತಾ? ಎಸೆದುಬಿಡಿ.